ಜನರ ಮಾತು ಎಲ್ಲಿಗೆ ಹೋಗುತ್ತದೆ?

ಯಾವ ಸ್ವಯಂಸೇವಾ ಸಂಸ್ಥೆಯ ವಾರ್ಷಿಕ ವರದಿ ತೆರೆದರೂ ‘ಸಮುದಾಯದ ಸಹಭಾಗಿತ್ವ’ ಎಂಬ ಮಾತು ಮೊದಲ ಕೆಲವು ಪುಟಗಳಲ್ಲೇ ಸಿಗುತ್ತದೆ. ಜೊತೆಗೊಂದು ಫೋಟೊ ಇರುತ್ತದೆ: ಜಮಖಾನೆಯ ಮೇಲೆ ಕುಳಿತ ಹೆಂಗಸರು, ಎದುರಿಗೆ ಮೈಕ್ ಹಿಡಿದು ನಿಂತ ಸಂಯೋಜಕರು. ಈಚೆಗೆ ಇದಕ್ಕೆ ಇನ್ನೊಂದು ಪುಟ ಸೇರಿದೆ. ಫೇಸ್‌ಬುಕ್‌ನಲ್ಲಿ ಲೈಕ್ ಎಷ್ಟು, ವಾಟ್ಸ್‌ಆ್ಯಪ್ ಗುಂಪುಗಳು ಎಷ್ಟು, ಯೂಟ್ಯೂಬ್ ವಿಡಿಯೊ ನೋಡಿದವರು ಎಷ್ಟು ಎಂಬ ಲೆಕ್ಕ ಅದರಲ್ಲಿರುತ್ತದೆ. ಜಮಖಾನೆಯ ಮೇಲೆ ಕುಳಿತವರು ಏನು ಹೇಳಿದರು, ಅದರಿಂದ ಸಂಸ್ಥೆಯ ಕೆಲಸದಲ್ಲಿ ಏನು ಬದಲಾಯಿತು ಎಂಬುದಕ್ಕೆ ಮಾತ್ರ ಪುಟ ಇರುವುದಿಲ್ಲ.

ಜನರನ್ನು ಮಾತಿಗೆ ಕರೆಯುವುದು ಹೇಗೆ ಎಂಬುದನ್ನು ಸಂಸ್ಥೆಗಳು ಸಾಮಾನ್ಯವಾಗಿ ಸಲಕರಣೆಯ ಪ್ರಶ್ನೆ ಎಂದುಕೊಳ್ಳುತ್ತವೆ. ಯಾವ ಆ್ಯಪ್ ಮಾಡಿಸೋಣ, ಎಲ್ಲಿ ಗುಂಪು ತೆರೆಯೋಣ, ವಾರಕ್ಕೆ ಎಷ್ಟು ಪೋಸ್ಟ್ ಹಾಕೋಣ ಎಂದು ಸಭೆ ಸೇರುತ್ತವೆ. ಕಳೆದ ನಾಲ್ಕೈದು ದಶಕಗಳ ಅನುಭವವನ್ನು ಒಟ್ಟಿಗಿಟ್ಟು ನೋಡಿದರೆ ಕಾಣುವುದೇ ಬೇರೆ. ತಾವು ಹೇಳಿದ್ದು ಯಾರಿಗೆ ತಲುಪಿತು, ಅದಕ್ಕೆ ಏನಾಯಿತು ಎಂದು ತಿಳಿದ ಕಡೆ ಜನ ಮತ್ತೆ ಮತ್ತೆ ಮಾತಾಡಿದ್ದಾರೆ. ತಿಳಿಯದ ಕಡೆ ಎಂಥ ವೇದಿಕೆ ಕಟ್ಟಿಕೊಟ್ಟರೂ ಎದ್ದು ಹೋಗಿದ್ದಾರೆ. ಹಳ್ಳಿಯ ಸಭೆಗೂ ಮೊಬೈಲ್ ಗುಂಪಿಗೂ ಈ ಮಾತು ಒಂದೇ ರೀತಿ ಅನ್ವಯಿಸುತ್ತದೆ.

ಏಣಿ ಮತ್ತು ಅದರ ಮೆಟ್ಟಿಲು

ಅಮೆರಿಕದ ಶೆರ್ರಿ ಆರ್ನ್‌ಸ್ಟೀನ್ 1969ರಲ್ಲಿ ಬರೆದ ಒಂದು ಲೇಖನ ಈ ಚರ್ಚೆಯಲ್ಲಿ ಇಂದಿಗೂ ಬಳಕೆಯಲ್ಲಿದೆ. ಅಲ್ಲಿನ ನಗರಾಭಿವೃದ್ಧಿ ಯೋಜನೆಗಳಲ್ಲಿ ಬಡವರನ್ನು ‘ಸೇರಿಸಿಕೊಂಡ’ ಬಗೆಯನ್ನು ಕಂಡಿದ್ದ ಅವರು ಸಹಭಾಗಿತ್ವವನ್ನು ಎಂಟು ಮೆಟ್ಟಿಲ ಏಣಿಯಾಗಿ ಜೋಡಿಸಿದರು. ಕೆಳಗಿನ ಎರಡು ಮೆಟ್ಟಿಲಲ್ಲಿ ಜನರನ್ನು ಒಲಿಸಿ ಬಳಸಿಕೊಳ್ಳುವುದು ಮತ್ತು ತಪ್ಪು ಅವರದೇ ಎಂಬಂತೆ ಅವರನ್ನೇ ತಿದ್ದಹೊರಡುವುದು. ನಡುವಿನ ಮೂರರಲ್ಲಿ ಮಾಹಿತಿ ಕೊಡುವುದು, ಅಭಿಪ್ರಾಯ ಕೇಳುವುದು, ಸಮಿತಿಯಲ್ಲಿ ಒಂದೆರಡು ಕುರ್ಚಿ ಕೊಟ್ಟು ಸುಮ್ಮನಾಗಿಸುವುದು. ಪಾಲುದಾರಿಕೆ, ಅಧಿಕಾರದ ಹಸ್ತಾಂತರ, ಜನರದೇ ಹಿಡಿತ ಎಂಬ ಮೇಲಿನ ಮೂರು ಮೆಟ್ಟಿಲಲ್ಲಿ ಮಾತ್ರ ಜನರ ಮಾತಿಗೆ ತೂಕ ಬರುತ್ತದೆ.

ನಮ್ಮ ಸಂಸ್ಥೆಗಳ ಬಹುಪಾಲು ಆನ್‌ಲೈನ್ ಚಟುವಟಿಕೆ ಈ ಏಣಿಯ ಮೂರನೇ ಮೆಟ್ಟಿಲಲ್ಲಿ ನಿಂತಿದೆ, ಎಂದರೆ ಮಾಹಿತಿ ಕೊಡುವುದರಲ್ಲಿ. ಅದರಲ್ಲಿ ತಪ್ಪೇನೂ ಇಲ್ಲ. ಪಡಿತರ ಚೀಟಿಗೆ ಯಾವ ದಾಖಲೆ ಬೇಕು ಎಂದು ತಿಳಿಯಬೇಕಾದವರಿಗೆ ಸಮಿತಿಯ ಸದಸ್ಯತ್ವ ಬೇಕಾಗಿರುವುದಿಲ್ಲ, ಸರಿಯಾದ ಉತ್ತರ ಬೇಕಾಗಿರುತ್ತದೆ. ಕೂಲಿ ಬಿಟ್ಟು ಸಭೆಗೆ ಬರುವವರು ಆ ದಿನದ ದುಡಿಮೆ ಕಳೆದುಕೊಂಡು ಬರುತ್ತಾರೆ ಎಂಬುದನ್ನೂ ಏಣಿಯ ಚಿತ್ರ ತೋರಿಸುವುದಿಲ್ಲ. ಮಾಹಿತಿ ಕೊಟ್ಟುಬಿಟ್ಟು ಅದನ್ನೇ ಸಹಭಾಗಿತ್ವ ಎಂದು ಬರೆದುಕೊಂಡಾಗ ಮಾತ್ರ ತೊಡಕು ಶುರುವಾಗುತ್ತದೆ.

ಕೋಲು ಯಾರ ಕೈಯಲ್ಲಿ?

ಕರ್ನಾಟಕಕ್ಕೆ ಈ ವಿಷಯದಲ್ಲಿ ತನ್ನದೇ ಅನುಭವವಿದೆ. 1968ರಲ್ಲಿ ಹುಟ್ಟಿದ ಮೈರಾಡ ಸಂಸ್ಥೆ 1980ರ ದಶಕದ ಕೊನೆಯ ಹೊತ್ತಿಗೆ ಅಭಿವೃದ್ಧಿ ತಜ್ಞ ರಾಬರ್ಟ್ ಚೇಂಬರ್ಸ್ ಮೊದಲಾದವರ ಜೊತೆ ಸೇರಿ ಗ್ರಾಮ ಸಮೀಕ್ಷೆಯ ಹೊಸ ಪದ್ಧತಿಯೊಂದನ್ನು ಪ್ರಯೋಗಕ್ಕೆ ತಂದಿತು. ಪಿಆರ್‌ಎ (ಸಹಭಾಗಿತ್ವದ ಗ್ರಾಮೀಣ ಸಮೀಕ್ಷೆ) ಎಂದೇ ಹೆಸರಾದ ಪದ್ಧತಿ ಅದು. ಹೊರಗಿನವರು ಪ್ರಶ್ನೆಪತ್ರ ಹಿಡಿದು ಮನೆ ಮನೆ ತಿರುಗುವ ಬದಲು, ಊರಿನವರೇ ಊರಿನ ನಕ್ಷೆಯನ್ನು ನೆಲದ ಮೇಲೆ ಬರೆಯುತ್ತಾರೆ.

ಅದು ನಡೆಯುವ ಬಗೆಯನ್ನು ಹತ್ತಿರದಿಂದ ನೋಡಬೇಕು. ದೇವಸ್ಥಾನದ ಮುಂದಿನ ಅಂಗಳ ಗುಡಿಸಿ ರಂಗೋಲಿ ಪುಡಿ ತರುತ್ತಾರೆ. ಮೊದಲು ಒಬ್ಬರು ಅಳುಕುತ್ತಲೇ ರಸ್ತೆಯ ಗೆರೆ ಎಳೆಯುತ್ತಾರೆ. ಇನ್ನೊಬ್ಬರು ಬಂದು ಬಾವಿ ಅಲ್ಲಿಲ್ಲ, ಇಲ್ಲಿದೆ ಎಂದು ಅಳಿಸುತ್ತಾರೆ. ಮನೆಗೊಂದು ಕಲ್ಲು ಬೀಳುತ್ತದೆ. ಯಾವ ಮನೆಯಲ್ಲಿ ದುಡಿಯುವವರಿಲ್ಲ, ಯಾರ ಹೊಲ ಬೀಳುಬಿದ್ದಿದೆ ಎಂದು ಗುರುತಿಸಲು ಎಲೆಯೋ ಕಾಳೋ ಬರುತ್ತದೆ. ನೀರು ಮೊದಲೋ ರಸ್ತೆ ಮೊದಲೋ ಎಂಬ ಪ್ರಶ್ನೆಗೆ ಎಲ್ಲರ ಕೈಗೂ ಅಷ್ಟಷ್ಟು ಹುಣಸೆ ಬೀಜ ಕೊಟ್ಟು, ಬೇಕಾದ ಕಡೆ ಇಡಿ ಎನ್ನುತ್ತಾರೆ. ಓದುಬರಹ ಬಾರದ ಅಜ್ಜಿಯ ಬೀಜಕ್ಕೂ ಪದವೀಧರನ ಬೀಜಕ್ಕೂ ಅಲ್ಲಿ ಒಂದೇ ಬೆಲೆ. ಮಾತಾಡಲು ಹಿಂಜರಿಯುವವರೂ ಬಗ್ಗಿ ಬೀಜ ಇಡುತ್ತಾರೆ. ಗೆರೆ ಎಳೆಯುವ ಕೋಲನ್ನು ಜನರ ಕೈಗೆ ಕೊಟ್ಟು ಸಂಸ್ಥೆಯವರು ಹಿಂದೆ ಸರಿಯಬೇಕು ಎಂಬುದು ಚೇಂಬರ್ಸ್ ಅವರ ಮುಖ್ಯ ಪಾಠವಾಗಿತ್ತು.

ಇದೇ ಪದ್ಧತಿ ಮುಂದೆ ಯೋಜನಾ ವರದಿಗಳ ಕಡ್ಡಾಯ ಶಾಸ್ತ್ರವಾದಾಗ ಸಪ್ಪೆಯಾಯಿತು. ಬೆಳಿಗ್ಗೆ ಬಂದು ನಕ್ಷೆ ಬರೆಸಿ, ಫೋಟೊ ತೆಗೆದು, ಸಂಜೆಗೆ ಹೊರಡುವ ತಂಡಗಳು ಹೆಚ್ಚಿದವು. ನಕ್ಷೆ ಸಂಸ್ಥೆಯ ಕಡತ ಸೇರಿತು, ಊರಿಗೆ ಅದರ ಪ್ರತಿಯೂ ಉಳಿಯಲಿಲ್ಲ. ಎರಡನೇ ಸಲ ಕರೆದಾಗ ಬರುವವರು ಕಡಿಮೆಯಾದದ್ದರಲ್ಲಿ ಆಶ್ಚರ್ಯವಿಲ್ಲ.

ಮೈರಾಡದ ಇನ್ನೊಂದು ಅನುಭವ ಗುಂಪಿನ ಗಾತ್ರಕ್ಕೆ ಸಂಬಂಧಿಸಿದ್ದು. 1980ರ ದಶಕದ ನಡುವಿನಲ್ಲಿ ದೊಡ್ಡ ಸಹಕಾರ ಸಂಘಗಳು ಕುಸಿದಾಗ, ಒಬ್ಬರನ್ನೊಬ್ಬರು ನಂಬುವ ಹದಿನೈದಿಪ್ಪತ್ತು ಜನರ ಸಣ್ಣ ಗುಂಪುಗಳು ತಾವಾಗಿಯೇ ಉಳಿದುಕೊಂಡವು. ಸಂಸ್ಥೆ ಆ ಗುಂಪುಗಳಿಗೇ ಬೆಂಬಲ ಕೊಟ್ಟಿತು. 1992ರಲ್ಲಿ ನಬಾರ್ಡ್ ಆರಂಭಿಸಿದ ಸ್ವಸಹಾಯ ಸಂಘ–ಬ್ಯಾಂಕ್ ಜೋಡಣೆಯ ಹಿಂದೆ ಇಂಥ ಅನುಭವಗಳಿವೆ. ಇಂದಿಗೂ ಹಳ್ಳಿಯ ಹೆಣ್ಣುಮಕ್ಕಳು ಮುಕ್ತವಾಗಿ ಮಾತಾಡುವ ಜಾಗ ‘ಸಂಘ’ವೇ ಹೊರತು ಗ್ರಾಮಸಭೆಯಲ್ಲ. ಸಾವಿರ ಸದಸ್ಯರ ಆನ್‌ಲೈನ್ ಗುಂಪಿನ ಕನಸು ಕಾಣುವವರು ಇದನ್ನು ನೆನಪಿಡಬೇಕು.

ಚರ್ಚೆಯನ್ನೇ ಒಂದು ಅಭ್ಯಾಸವಾಗಿ ಬೆಳೆಸಿದ ಸಂಸ್ಥೆಗೆ ಉದಾಹರಣೆ ಬೇಕಾದರೆ ಹೆಗ್ಗೋಡಿನ ನೀನಾಸಂ ಇದೆ. 1949ರಲ್ಲಿ ಹಳ್ಳಿಯ ನಾಟಕ ಸಂಘವಾಗಿ ಹುಟ್ಟಿದ ಅದು, ಕೆ.ವಿ. ಸುಬ್ಬಣ್ಣನವರ ಮುಂದಾಳ್ತನದಲ್ಲಿ ಚಿತ್ರ ಸಮಾಜ, ರಂಗಶಿಕ್ಷಣ ಕೇಂದ್ರ, ತಿರುಗಾಟಗಳಾಗಿ ಬೆಳೆಯಿತು. ಅದರ ಸಂಸ್ಕೃತಿ ಶಿಬಿರಕ್ಕೆ ಬಂದವರಲ್ಲಿ ಮೇಷ್ಟರು, ಕೃಷಿಕರು, ವಿದ್ಯಾರ್ಥಿಗಳು, ಗೃಹಿಣಿಯರು ಎಲ್ಲರೂ ಇದ್ದರು. ಉಪನ್ಯಾಸ ಮುಗಿದ ಮೇಲೆ ಪ್ರಶ್ನೆ, ನಾಟಕ ಮುಗಿದ ಮರುದಿನ ಅದರ ಮೇಲೆ ಚರ್ಚೆ. ನಾಟಕ ಕಟ್ಟಿದವರೇ ಎದುರು ಕುಳಿತು ಆಕ್ಷೇಪಕ್ಕೆ ಉತ್ತರ ಹೇಳುತ್ತಿದ್ದದ್ದರಿಂದ ಮಾತಾಡಿದವರಿಗೆ ತಮ್ಮ ಮಾತು ತಲುಪಿತು ಎಂಬ ನಂಬಿಕೆ ಹುಟ್ಟಿತು.

ಲೆಕ್ಕವನ್ನು ಗಟ್ಟಿಯಾಗಿ ಓದಿದಾಗ

ಜನರ ಮಾತಿಗೆ ಅತಿ ಹೆಚ್ಚು ಬಲ ತಂದುಕೊಟ್ಟ ಪ್ರಯೋಗ ರಾಜಸ್ಥಾನದ್ದು. 1990ರಲ್ಲಿ ರೂಪುಗೊಂಡ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ 1994ರಿಂದ ‘ಜನ ಸುನ್ವಾಯಿ’ಗಳನ್ನು, ಎಂದರೆ ಸಾರ್ವಜನಿಕ ವಿಚಾರಣೆಗಳನ್ನು ನಡೆಸಿತು. ವಿಧಾನ ಬಹಳ ಸರಳ. ಪಂಚಾಯಿತಿ ಕಾಮಗಾರಿಯ ಮಸ್ಟರ್ ರೋಲ್, ಎಂದರೆ ಕೂಲಿಯವರ ಹಾಜರಿ ಪಟ್ಟಿ ತಂದು ಊರವರ ಮುಂದೆ ಗಟ್ಟಿಯಾಗಿ ಓದುವುದು. ಇಂಥವರು ಇಷ್ಟು ದಿನ ಕೆಲಸ ಮಾಡಿ ಇಷ್ಟು ಕೂಲಿ ಪಡೆದಿದ್ದಾರೆ ಎಂದು ಓದುತ್ತಿದ್ದಂತೆ, ಅವರು ತೀರಿಕೊಂಡು ವರ್ಷಗಳಾದವು ಎಂದು ಒಬ್ಬರು, ಆ ಕಟ್ಟಡವೇ ಆಗಿಲ್ಲ ಎಂದು ಇನ್ನೊಬ್ಬರು ಎದ್ದು ನಿಂತರು. ‘ನಿಮ್ಮ ಅಭಿಪ್ರಾಯ ಏನು’ ಎಂದು ಕೇಳಿದ್ದರೆ ಸುಮ್ಮನಿರುತ್ತಿದ್ದವರು, ತಮ್ಮ ಹೆಸರಿನಲ್ಲಿ ಬರೆದ ಸುಳ್ಳನ್ನು ಕೇಳಿದಾಗ ಸುಮ್ಮನಿರಲಿಲ್ಲ.

ಇಂಥ ದಾಖಲೆಗಳು ಜನರಿಗೆ ಸಿಗಬೇಕು ಎಂದು 1996ರಲ್ಲಿ ಬ್ಯಾವರ್ ಪಟ್ಟಣದಲ್ಲಿ ನಲವತ್ತು ದಿನಗಳ ಧರಣಿ ನಡೆಯಿತು. ಆ ಹೋರಾಟ ದೇಶವ್ಯಾಪಿ ಚಳವಳಿಯಾಗಿ 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ ಫಲ ಕಂಡಿತು. ಮುಂದೆ ಲೆಕ್ಕಪತ್ರಗಳು ಗೋಡೆಬರಹಗಳಾದವು. 2019ರಲ್ಲಿ ರಾಜಸ್ಥಾನ ಸರ್ಕಾರದ ‘ಜನ ಸೂಚನಾ’ ಜಾಲತಾಣವೂ ಬಂತು. ನಮ್ಮ ರಾಜ್ಯದ ‘ಮಾಹಿತಿ ಕಣಜ’ ಕೂಡ ಅರ್ಜಿ ಹಾಕದೆಯೇ ಮಾಹಿತಿ ಸಿಗಬೇಕು ಎಂಬ ಇದೇ ಆಶಯದ್ದು. ಆದರೆ ಅಂಕಿಅಂಶ ಜಾಲತಾಣದಲ್ಲಿ ಬಿದ್ದ ಮಾತ್ರಕ್ಕೆ ಮಾತು ಹುಟ್ಟುವುದಿಲ್ಲ. ಅದನ್ನು ಊರಿನ ಮುಂದೆ ಓದುವವರು ಬೇಕು. ಆನ್‌ಲೈನ್ ಯುಗದಲ್ಲಿ ಸಂಸ್ಥೆಗಳು ಮಾಡಬಹುದಾದ ದೊಡ್ಡ ಕೆಲಸ ಇದೇ: ಜಾಲತಾಣದ ಪಟ್ಟಿಯನ್ನು ಮುದ್ರಿಸಿ ವಾರ್ಡ್ ಸಭೆಗೆ ಒಯ್ಯುವುದು, ಸಭೆಯಲ್ಲಿ ಎದ್ದ ಆಕ್ಷೇಪವನ್ನು ಮತ್ತೆ ಜಾಲಕ್ಕೆ ಏರಿಸುವುದು.

ಗ್ರಾಮಸಭೆ, ವಾರ್ಡ್ ಸಭೆ, ಜಮಾಬಂದಿಗಳು ನಮ್ಮಲ್ಲಿ ಕಾನೂನಿನಲ್ಲೇ ಇವೆ. ಸಂಸ್ಥೆಗಳು ಇವುಗಳಿಗೆ ಪರ್ಯಾಯ ಕಟ್ಟುವುದಕ್ಕಿಂತ ಇವುಗಳಿಗೆ ಜನ ತುಂಬುವುದು ಲೇಸು. ಕುಂದಾಪುರ ಭಾಗದಲ್ಲಿ ದುಡಿಯುವ ಮಕ್ಕಳ ನಡುವೆ ಕೆಲಸ ಮಾಡುತ್ತಿದ್ದ ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್ ಸಂಸ್ಥೆ 1990ರ ದಶಕದಲ್ಲಿ ಮಕ್ಕಳ ಪಂಚಾಯಿತಿಗಳನ್ನು ಆರಂಭಿಸಿತು. ಇಂದು ಮಕ್ಕಳ ಗ್ರಾಮಸಭೆ ಇಡೀ ರಾಜ್ಯದಲ್ಲಿ ಸರ್ಕಾರಿ ಆದೇಶದ ಮೇಲೆ ನಡೆಯುತ್ತದೆ. ಶೌಚಾಲಯದ ಬಾಗಿಲಿಗೆ ಚಿಲಕವಿಲ್ಲ, ಹಳ್ಳಕ್ಕೆ ಕಾಲುಸಂಕ ಬೇಕು, ಬಸ್ ನಿಲ್ಲಿಸುವುದಿಲ್ಲ ಎಂಬಂಥ ಸಂಗತಿಗಳನ್ನು ಮಕ್ಕಳು ನೇರವಾಗಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯ (ಪಿಡಿಒ) ಮುಂದೆ ಇಡುತ್ತಾರೆ. ಹಿಂದಿನ ವರ್ಷ ಹೇಳಿದ್ದಕ್ಕೆ ಏನು ಕ್ರಮ ಆಯಿತು ಎಂದು ಸಭೆಯ ಮೊದಲಿಗೇ ಓದುವ ಪಂಚಾಯಿತಿಯಲ್ಲಿ ಮಕ್ಕಳು ಚುರುಕಾಗಿ ಮಾತಾಡುತ್ತಾರೆ. ಓದದ ಕಡೆ ಶಿಕ್ಷಕರು ಬರೆದುಕೊಟ್ಟ ಚೀಟಿ ಓದಿ ಕುಳಿತುಕೊಳ್ಳುತ್ತಾರೆ.

ಅಕ್ಷರ ಬಾರದವರ ದನಿ

ಆನ್‌ಲೈನ್ ಸಂವಾದ ಎಂದ ಕೂಡಲೇ ನಾವು ಟೈಪ್ ಮಾಡುವವರನ್ನೇ ಎಣಿಸುತ್ತೇವೆ. ದೇಶದಲ್ಲಿ ಅಕ್ಷರದ ಈ ಗಡಿ ದಾಟಲು ನಡೆದ ಪ್ರಯತ್ನಗಳು ದನಿಯಿಂದ ಆರಂಭವಾದವು. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ಮೈರಾಡ ಮತ್ತು ವಾಯ್ಸಸ್ ಸಂಸ್ಥೆಗಳು ಯುನೆಸ್ಕೊ ನೆರವಿನಿಂದ ಕಟ್ಟಿದ ‘ನಮ್ಮ ಧ್ವನಿ’ ಅಂಥದ್ದು. ಆಗ ಸಂಸ್ಥೆಗಳಿಗೆ ರೇಡಿಯೊ ಪರವಾನಗಿ ಸಿಗುತ್ತಿರಲಿಲ್ಲ. ಹಾಗಾಗಿ ಊರಿನವರೇ ತಯಾರಿಸಿದ ಕಾರ್ಯಕ್ರಮ ಕೇಬಲ್ ತಂತಿಯ ಮೂಲಕ ಮನೆಗಳಿಗೆ ಹೋಯಿತು. 2006ರ ನೀತಿ ಬಂದ ಮೇಲೆ ಸ್ವಯಂಸೇವಾ ಸಂಸ್ಥೆಗಳಿಗೂ ಸಮುದಾಯ ಬಾನುಲಿ ನಡೆಸುವ ಅವಕಾಶವಾಯಿತು. 2008ರಲ್ಲಿ ಆಗಿನ ಮೇದಕ್ ಜಿಲ್ಲೆಯಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ‘ಸಂಘಂ ರೇಡಿಯೊ’ ಶುರುವಾಯಿತು. ಅದನ್ನು ನಡೆಸಿದವರು ದಲಿತ ರೈತ ಮಹಿಳೆಯರು. ನಮ್ಮಲ್ಲಿ ಮಹಿಳಾ ಸಮಖ್ಯಾ ಕಾರ್ಯಕ್ರಮ ಮತ್ತು ಐಟಿ ಫಾರ್ ಚೇಂಜ್ ಸಂಸ್ಥೆ ಕೂಡಿ ಮೈಸೂರು ಭಾಗದಲ್ಲಿ ನಡೆಸಿದ ‘ಕೇಳು ಸಖಿ’ ಎಂಬ ರೇಡಿಯೊ ಕಾರ್ಯಕ್ರಮದಲ್ಲಿ ಸಂಘದ ಹೆಣ್ಣುಮಕ್ಕಳು ತಮ್ಮ ದನಿಯನ್ನು ತಾವೇ ಕೇಳಿಸಿಕೊಂಡರು.

ಇವೆಲ್ಲಕ್ಕಿಂತ ಒಂದು ಹೆಜ್ಜೆ ಮುಂದೆ ಹೋದದ್ದು ಪತ್ರಕರ್ತ ಶುಭ್ರಾಂಶು ಚೌಧರಿ 2010ರಲ್ಲಿ ಛತ್ತೀಸಗಢದ ಆದಿವಾಸಿ ಪ್ರದೇಶಗಳಿಗಾಗಿ ಆರಂಭಿಸಿದ ಸಿಜಿನೆಟ್ ಸ್ವರ ಎಂಬ ಫೋನ್ ವೇದಿಕೆ. ಅದರ ತಾಂತ್ರಿಕ ಹಿನ್ನೆಲೆಯಲ್ಲಿ ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾ ಕೇಂದ್ರದ ನೆರವಿತ್ತು. ಮೊದಲ ಕಾಲದಲ್ಲಿ ಬಸ್ತರಿನ ಕಾಡಿನಿಂದ ಜನ ಕರೆ ಮಾಡುತ್ತಿದ್ದದ್ದು 080ರಿಂದ ಶುರುವಾಗುವ ಬೆಂಗಳೂರಿನ ನಂಬರಿಗೆ. ಒಂದು ಮಿಸ್ಡ್ ಕಾಲ್ ಕೊಟ್ಟರೆ ಯಂತ್ರವೇ ತಿರುಗಿ ಕರೆ ಮಾಡುತ್ತದೆ. ಹೇಳಲು ಒಂದು ಒತ್ತಿ, ಕೇಳಲು ಎರಡು ಒತ್ತಿ ಎನ್ನುತ್ತದೆ. ಒಂದು ಒತ್ತಿದವರು ಹಿಂದಿಯಲ್ಲೋ ಗೋಂಡಿಯಲ್ಲೋ ಸಂಗತಿ ಹೇಳುತ್ತಾರೆ: ಕೈಪಂಪ್ ಕೆಟ್ಟಿದೆ, ನರೇಗಾ ಕೂಲಿ ಬಂದಿಲ್ಲ, ಶಾಲೆಗೆ ಮೇಷ್ಟರು ಬರುವುದಿಲ್ಲ. ಕೊನೆಗೆ ಸಂಬಂಧಪಟ್ಟ ಅಧಿಕಾರಿಯ ಫೋನ್ ನಂಬರ್ ಓದಿ, ಕೇಳುಗರು ಅವರಿಗೆ ಕರೆ ಮಾಡಬೇಕು ಎಂದು ಬೇಡಿಕೊಳ್ಳುತ್ತಾರೆ. ಕೇಂದ್ರದಲ್ಲಿ ಕುಳಿತ ಸಂಪಾದಕರು ಅದನ್ನು ಪರಿಶೀಲಿಸಿ ಎಲ್ಲರಿಗೂ ಕೇಳುವಂತೆ ಬಿಡುಗಡೆ ಮಾಡುತ್ತಾರೆ. ಎಲ್ಲೋ ದೂರದ ನಗರದಲ್ಲಿರುವ ಕೇಳುಗರು ಆ ಅಧಿಕಾರಿಗೆ ಫೋನ್ ಮಾಡುತ್ತಾರೆ. ಕೆಲಸವಾದರೆ, ಮೊದಲು ದೂರು ಹೇಳಿದವರೇ ಮತ್ತೆ ಕರೆ ಮಾಡಿ ‘ಪಂಪ್ ಸರಿಯಾಯಿತು, ಫೋನ್ ಮಾಡಿದವರಿಗೆಲ್ಲ ಧನ್ಯವಾದ’ ಎಂದು ದಾಖಲಿಸುತ್ತಾರೆ.

ಈ ಕೊನೆಯ ಕರೆಯನ್ನು ಗಮನಿಸಬೇಕು. ಅದನ್ನು ಕೇಳಿದ ಪಕ್ಕದ ಊರಿನವರಿಗೆ ಕರೆ ಮಾಡುವ ಧೈರ್ಯ ಬರುತ್ತದೆ. ಪ್ರಚಾರಕ್ಕೆ ಎಷ್ಟು ಖರ್ಚು ಮಾಡಿದರೂ ಬಾರದ ನಂಬಿಕೆ ಅದು. ಇದಕ್ಕೆ ಬೇಕಾಗಿದ್ದದ್ದು ಸಾಧಾರಣ ಕೀಪ್ಯಾಡ್ ಫೋನು ಮತ್ತು ಪ್ರತಿ ಮಾತನ್ನೂ ಕೇಳುವ ಒಬ್ಬ ಸಂಪಾದಕ.

ನಗರದ ದೂರು, ನಗರದ ಕೆರೆ

ನಗರಗಳಲ್ಲಿ ಕತೆ ಬೇರೆ. ಇಲ್ಲಿ ಅಕ್ಷರವೂ ಇದೆ, ಸ್ಮಾರ್ಟ್‌ಫೋನೂ ಇದೆ, ಸಿಟ್ಟೂ ಇದೆ. 2001ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಜನಾಗ್ರಹ ಸಂಸ್ಥೆ 2010ರಲ್ಲಿ ‘ಐ ಪೇಯ್ಡ್ ಎ ಬ್ರೈಬ್’ ಜಾಲತಾಣ ತೆರೆದು, ಲಂಚ ಕೊಟ್ಟವರು ಹೆಸರು ಹೇಳದೆ ತಮ್ಮ ಅನುಭವ ಬರೆಯಲು ಅವಕಾಶ ಮಾಡಿಕೊಟ್ಟಿತು. ವರದಿಗಳು ಹರಿದುಬಂದವು. ಕರ್ನಾಟಕದ ಸಾರಿಗೆ ಇಲಾಖೆ ಅವನ್ನು ಗಂಭೀರವಾಗಿ ತೆಗೆದುಕೊಂಡು ಕೆಲವು ಸುಧಾರಣೆಗೆ ಕೈಹಾಕಿದ್ದು ಅದರ ಹೆಸರಾದ ಯಶಸ್ಸು. ಹೆಸರಿಲ್ಲದೆ ಬರೆಯಬಹುದಾದ್ದರಿಂದ ಭಯ ಹೋಯಿತು ನಿಜ, ಆದರೆ ಹೆಸರಿಲ್ಲದ ದೂರಿನ ಮೇಲೆ ವಿಚಾರಣೆ ಕಷ್ಟ. ಸಿಟ್ಟು ಹೊರಹಾಕುವ ಜಾಗಕ್ಕೂ ಕ್ರಮ ಕೈಗೊಳ್ಳುವ ಕಚೇರಿಗೂ ನಡುವೆ ಸೇತುವೆ ಹಾಕುವ ಅಧಿಕಾರಿ ಇದ್ದಷ್ಟು ದಿನ ಮಾತ್ರ ಇಂಥ ವೇದಿಕೆಗೆ ಕಸುವು.

ಬ್ರಿಟನ್ನಿನ ಮೈಸೊಸೈಟಿ ಎಂಬ ಸಂಸ್ಥೆ 2007ರಲ್ಲಿ ಆರಂಭಿಸಿದ ‘ಫಿಕ್ಸ್ ಮೈ ಸ್ಟ್ರೀಟ್’ನಲ್ಲಿ ಒಂದು ಸಣ್ಣ ವ್ಯವಸ್ಥೆಯಿದೆ. ರಸ್ತೆಗುಂಡಿಯ ದೂರು ಕೊಟ್ಟ ನಾಲ್ಕು ವಾರಗಳ ಮೇಲೆ, ‘ಅದು ಸರಿಯಾಯಿತೇ?’ ಎಂದು ದೂರು ಕೊಟ್ಟವರನ್ನೇ ಕೇಳುತ್ತಾರೆ. ನಮ್ಮ ಹಲವು ದೂರು ಆ್ಯಪ್‌ಗಳಲ್ಲಿ ‘ಪರಿಹರಿಸಲಾಗಿದೆ’ ಎಂದು ಗುರುತು ಹಾಕುವುದು ಕೆಲಸ ಮಾಡಬೇಕಾದ ಕಚೇರಿಯೇ. ಕಸದ ರಾಶಿ ಇದ್ದಲ್ಲೇ ಇರುವಾಗ ಫೋನಿನಲ್ಲಿ ಹಸಿರು ಗುರುತು ಕಂಡವರು ಮತ್ತೊಮ್ಮೆ ದೂರು ಕೊಡುವುದಿಲ್ಲ.

ಒಂದೇ ಬೇಡಿಕೆ, ಒಂದೇ ಗಡುವು ಇದ್ದಾಗ ಆನ್‌ಲೈನ್ ಮಾತು ಬೀದಿಗೆ ಬರುತ್ತದೆ ಎಂಬುದಕ್ಕೆ ಬೆಂಗಳೂರಿನ ‘ಸ್ಟೀಲ್ ಫ್ಲೈಓವರ್ ಬೇಡ’ ಅಭಿಯಾನ ಸಾಕ್ಷಿ. ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗಿನ ಸುಮಾರು 6.7 ಕಿ.ಮೀ. ಉದ್ದದ ಯೋಜನೆಯ ವಿರುದ್ಧ 2016ರ ಅಕ್ಟೋಬರ್‌ನಲ್ಲಿ ಸಾವಿರಾರು ಜನ ಮಾನವ ಸರಪಳಿ ಕಟ್ಟಿದರು. 2017ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆ ಕೈಬಿಟ್ಟಿತು. ಬೇಡ ಎನ್ನುವುದಕ್ಕೆ ಕೂಡಿದ ಜನರನ್ನು, ಬೇಕಾದ್ದನ್ನು ಕಟ್ಟುವ ನಿತ್ಯದ ಕೆಲಸಕ್ಕೆ ಉಳಿಸಿಕೊಳ್ಳುವುದು ಇನ್ನೂ ಕಷ್ಟ.

ಆ ಕಷ್ಟದ ಕೆಲಸವನ್ನು ಬೆಂಗಳೂರಿನ ಕೆರೆ ಗುಂಪುಗಳು ಮಾಡಿವೆ. ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆಯ ಸುತ್ತಲಿನ ನಿವಾಸಿಗಳು 2010ರಲ್ಲಿ ಟ್ರಸ್ಟ್ ಕಟ್ಟಿಕೊಂಡು, ಮರುವರ್ಷ ಪಾಲಿಕೆಯ ಜೊತೆ ಒಪ್ಪಂದ ಮಾಡಿಕೊಂಡು ಕೆರೆಯ ನಿರ್ವಹಣೆಗೆ ನಿಂತರು. ಕಳೆ ಕೀಳುವುದು, ಹಕ್ಕಿ ಎಣಿಸುವುದು, ಗಿಡಕ್ಕೆ ನೀರು, ದೇಣಿಗೆಯ ಲೆಕ್ಕ ಎಲ್ಲವೂ ಇಂಥ ಗುಂಪುಗಳ ಮಾತಿನ ವಸ್ತು. ಕಣ್ಣೆದುರಿಗೆ ಕೆರೆ ಇರುವುದರಿಂದ ಮಾತು ಗಾಳಿಗೆ ಹೋಗುವುದಿಲ್ಲ. ಇದರ ಕೊರತೆಯನ್ನೂ ಹೇಳಬೇಕು. ಕೆರೆಯಂಗಳದಲ್ಲಿ ಮೊದಲು ದನ ಮೇಯಿಸುತ್ತಿದ್ದವರು, ಮೀನು ಹಿಡಿಯುತ್ತಿದ್ದವರು, ಗುಡಿಸಲು ಹಾಕಿಕೊಂಡಿದ್ದವರು ಅಪಾರ್ಟ್‌ಮೆಂಟಿನ ಇಮೇಲ್ ಪಟ್ಟಿಯಲ್ಲಿ ಇರುವುದಿಲ್ಲ. ನಡಿಗೆ ಪಥಕ್ಕೆ ಎಲ್ಲರೂ ಕೈಯೆತ್ತಿದರು ಎಂದಾಗ, ‘ಎಲ್ಲರೂ’ ಯಾರು ಎಂದು ಕೇಳಬೇಕಾಗುತ್ತದೆ. 2020ರ ಸೆಪ್ಟೆಂಬರ್‌ನಲ್ಲಿ ಪಾಲಿಕೆ ಸದಸ್ಯರ ಅವಧಿ ಮುಗಿದು ವರ್ಷಗಟ್ಟಲೆ ಚುನಾವಣೆಯೇ ನಡೆಯದ ನಗರದಲ್ಲಿ, ಬಡಬಡಾವಣೆಯವರಿಗೆ ಹೋಗಿ ಕೇಳಲು ಕಾರ್ಪೊರೇಟರ್ ಕೂಡ ಇರಲಿಲ್ಲ. ಇಂಥ ಹೊತ್ತಿನಲ್ಲಿ ದನಿ ಇದ್ದವರ ದನಿಯೇ ಇನ್ನಷ್ಟು ಜೋರಾಗುತ್ತದೆ.

ಕೆಲಸ ಹಂಚಿಕೊಂಡ ಕಡೆ

ಆನ್‌ಲೈನ್‌ನಲ್ಲಿ ಬಾಳಿಕೆ ಬಂದ ಸಮುದಾಯಗಳನ್ನು ನೋಡಿದರೆ, ಅಲ್ಲಿ ಮಾತು ಕೆಲಸದ ಸುತ್ತ ಹುಟ್ಟಿದೆ. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯದಲ್ಲಿ ಸಂಪಾದಕರು ಕೂಡಿ ಚರ್ಚಿಸುವ ಪುಟದ ಹೆಸರು ಅರಳಿ ಕಟ್ಟೆ. ಯಾವ ಲೇಖನ ಅಳಿಸಬೇಕು, ಯಾವ ಊರಿನ ಹೆಸರು ಹೇಗೆ ಬರೆಯಬೇಕು, ಹೊಸಬರು ಯಂತ್ರಾನುವಾದ ತಂದು ಸುರಿದರೆ ಏನು ಮಾಡಬೇಕು ಎಂಬ ಜಗಳಗಳೆಲ್ಲ ಸಾರ್ವಜನಿಕವಾಗಿ, ದಾಖಲೆ ಉಳಿಯುವಂತೆ ನಡೆಯುತ್ತವೆ. ತುಳು ವಿಕಿಪೀಡಿಯ 2016ರಲ್ಲಿ ಪ್ರತ್ಯೇಕ ತಾಣವಾದದ್ದರ ಹಿಂದೆ ಕರಾವಳಿಯ ಉತ್ಸಾಹಿಗಳ ವರ್ಷಗಳ ಬರವಣಿಗೆಯಿದೆ. ಒಂದು ಅಕ್ಷರ ತಿದ್ದಿ ‘ಉಳಿಸಿ’ ಒತ್ತಿದ ಕೂಡಲೇ ತನ್ನ ಕೆಲಸ ಜಗತ್ತಿಗೆ ಕಾಣುವುದು ಹೊಸಬರನ್ನು ಹಿಡಿದಿಡುತ್ತದೆ. ಆ ತಿದ್ದುಪಡಿಯನ್ನು ವಿವರಣೆ ಕೊಡದೆ ಅಳಿಸಿದರೆ ಅವರು ಮತ್ತೆ ಬರುವುದಿಲ್ಲ. ಅನುಭವಿಗಳು ನಾಲ್ಕು ಸಾಲಿನಲ್ಲಿ ಕಾರಣ ಬರೆಯುವುದು ಆತಿಥ್ಯವೂ ಹೌದು, ನಿರ್ವಹಣೆಯೂ ಹೌದು.

ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ತೆರೆದ ಸ್ಟೋರಿವೀವರ್ ಇದೇ ದಾರಿಯದು. ಮಕ್ಕಳ ಚಿತ್ರಕತೆಗಳನ್ನು ಮುಕ್ತ ಪರವಾನಗಿಯಲ್ಲಿ ಇಟ್ಟು, ಯಾರು ಬೇಕಾದರೂ ತಮ್ಮ ಭಾಷೆಗೆ ತರಬಹುದು ಎಂದಿತು. ಕನ್ನಡವೂ ಸೇರಿದಂತೆ ನೂರಾರು ಭಾಷೆಗಳಿಗೆ ಕತೆಗಳು ಹೋದವು. ಅದೇ ಸಂಸ್ಥೆಯ ‘ಒಂದು ದಿನ, ಒಂದು ಕತೆ’ ಅಭಿಯಾನದಲ್ಲಿ ಸಾಕ್ಷರತಾ ದಿನದ ಸುಮಾರಿಗೆ ಸ್ವಯಂಸೇವಕರು ತಮ್ಮ ಊರಿನ ಶಾಲೆಯಲ್ಲೋ ಗ್ರಂಥಾಲಯದಲ್ಲೋ ಒಂದೇ ಪುಸ್ತಕವನ್ನು ಮಕ್ಕಳಿಗೆ ಓದಿ ಹೇಳುತ್ತಾರೆ. ಏನು ಮಾಡಬೇಕು, ಎಷ್ಟು ಹೊತ್ತು ಮಾಡಬೇಕು, ಯಾವಾಗ ಮುಗಿಯುತ್ತದೆ ಎಂಬುದು ಇಲ್ಲಿ ಸ್ಪಷ್ಟ. ‘ನಮ್ಮೊಂದಿಗೆ ಕೈಜೋಡಿಸಿ’ ಎಂಬ ಕರೆಗೆ ಯಾರೂ ಬರುವುದಿಲ್ಲ, ‘ಶನಿವಾರ ಹತ್ತು ಗಂಟೆಗೆ ಈ ಕತೆ ಓದಿ’ ಎಂದರೆ ಬರುತ್ತಾರೆ.

2014ರಲ್ಲಿ ತಲೆಯ ಮೇಲೆ ತಣ್ಣೀರು ಸುರಿದುಕೊಳ್ಳುವ ‘ಐಸ್ ಬಕೆಟ್’ ಸವಾಲು ಎಎಲ್ಎಸ್ ಎಂಬ ನರರೋಗದ ವಿರುದ್ಧ ಕೆಲಸ ಮಾಡುವ ಅಮೆರಿಕದ ಎಎಲ್ಎಸ್ ಸಂಘಕ್ಕೆ 11.5 ಕೋಟಿ ಡಾಲರ್ ದೇಣಿಗೆ ತಂದಿತು. ಹೈದರಾಬಾದಿನಲ್ಲಿ ಅದು ಬಡವರಿಗೆ ಅಕ್ಕಿ ಕೊಡುವ ‘ರೈಸ್ ಬಕೆಟ್’ ಆಯಿತು. ಇಂಥ ಅಲೆಗಳಿಂದ ಹಣ ಬರುತ್ತದೆ, ಸಂವಾದ ಬರುವುದಿಲ್ಲ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ವಾಟ್ಸ್‌ಆ್ಯಪ್ ಗುಂಪಿನ ಕಷ್ಟಸುಖ

ಇಂದು ಕರ್ನಾಟಕದ ಸಣ್ಣ ಸಂಘಗಳಿಗೆ ಆನ್‌ಲೈನ್ ಎಂದರೆ ವಾಟ್ಸ್‌ಆ್ಯಪ್. 2020–21ರ ಕೋವಿಡ್ ದಿನಗಳಲ್ಲಿ ಆಹಾರದ ಕಿಟ್, ಆಕ್ಸಿಜನ್, ಹಾಸಿಗೆ ಹುಡುಕಿದ್ದೆಲ್ಲ ಈ ಗುಂಪುಗಳಲ್ಲೇ. ಬೇಡಿಕೆ ಬಂದ ಕೂಡಲೇ ಒಬ್ಬರು ‘ನೋಡುತ್ತೇನೆ’ ಎನ್ನುತ್ತಿದ್ದರು, ಸಿಕ್ಕಿದ ಮೇಲೆ ‘ಆಯಿತು’ ಎಂದು ಮುಚ್ಚುತ್ತಿದ್ದರು. ಆ ಶಿಸ್ತು ತುರ್ತು ಮುಗಿದ ಮೇಲೆ ಉಳಿಯಲಿಲ್ಲ. ಹೆಚ್ಚಿನ ಗುಂಪುಗಳು ಶುಭೋದಯದ ಹೂವು, ಜಯಂತಿಗಳ ಪೋಸ್ಟರ್, ಅಧ್ಯಕ್ಷರಿಗೆ ಹುಟ್ಟುಹಬ್ಬದ ಶುಭಾಶಯಗಳಲ್ಲಿ ಮುಳುಗಿವೆ. ನಡುವೆ ಒಬ್ಬ ತಾಯಿ ಅಂಗವಿಕಲ ಮಗನ ಪಿಂಚಣಿ ನಿಂತಿದೆ ಎಂದು ಬರೆದರೆ, ಅದರ ಮೇಲೆ ಹತ್ತು ಫಾರ್ವರ್ಡ್ ಬಿದ್ದು ಸಂದೇಶ ಮೇಲಕ್ಕೆ ಸರಿದುಹೋಗುತ್ತದೆ.

ಇದಕ್ಕಿಂತ ದೊಡ್ಡ ಕೊರತೆ ಗುಂಪಿನಲ್ಲೇ ಇಲ್ಲದವರದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಎಂದಾದರೂ ಇಂಟರ್ನೆಟ್ ಬಳಸಿದ ಮಹಿಳೆಯರು ನೂರಕ್ಕೆ 33, ಪುರುಷರು ನೂರಕ್ಕೆ 57. ಆಮೇಲೆ ಅಂತರ ಕಡಿಮೆಯಾಗಿರಬಹುದು. ಆದರೆ ಫೋನ್ ಮನೆಯಲ್ಲಿರುವುದು ಬೇರೆ, ಹೆಂಗಸಿನ ಕೈಯಲ್ಲಿರುವುದು ಬೇರೆ. ಗಂಡನ ಫೋನಿನಲ್ಲಿರುವ ಸಂಘದ ಗುಂಪಿಗೆ ಆಕೆ ಗಂಡನ ಬಗ್ಗೆ ಬರೆಯಲಾರಳು. ಹಾಗಾಗಿ ಆನ್‌ಲೈನ್ ಗುಂಪು ವಾರದ ಸಂಘದ ಸಭೆಗೆ ಬದಲಿ ಆಗಬಾರದು.

ಸುರಕ್ಷತೆಯ ಪ್ರಶ್ನೆ ಸಣ್ಣದಲ್ಲ. 2018ರ ಜುಲೈನಲ್ಲಿ ಮಕ್ಕಳ ಕಳ್ಳರ ವದಂತಿ ನಂಬಿದ ಗುಂಪು ಬೀದರ್ ಜಿಲ್ಲೆಯಲ್ಲಿ ಹೈದರಾಬಾದಿನಿಂದ ಬಂದಿದ್ದ ಯುವಕನನ್ನು ಹೊಡೆದು ಕೊಂದಿತು. ವದಂತಿ ಹರಡಿದ್ದು ವಾಟ್ಸ್‌ಆ್ಯಪ್‌ನಲ್ಲಿ. ಅದೇ ತಿಂಗಳು ಕಂಪನಿ ಭಾರತದಲ್ಲಿ ಒಮ್ಮೆಗೆ ಐದು ಕಡೆಗೆ ಮಾತ್ರ ಫಾರ್ವರ್ಡ್ ಮಾಡುವ ಮಿತಿ ಹೇರಿತು. ಗ್ರಾಮೀಣ ಮಹಿಳೆಯರೇ ನಡೆಸುವ ಉತ್ತರ ಪ್ರದೇಶದ ಖಬರ್ ಲಹರಿಯಾ ಪತ್ರಿಕೆಯ ವರದಿಗಾರ್ತಿಯರಿಗೆ 2015ರಲ್ಲಿ ಒಬ್ಬಾತ ತಿಂಗಳುಗಟ್ಟಲೆ ಫೋನಿನಲ್ಲಿ ಕಾಟ ಕೊಟ್ಟ. ಗುಂಪಿಗೆ ಸೇರಿಸಿದ ಕೂಡಲೇ ಹೆಣ್ಣುಮಕ್ಕಳ ನಂಬರ್ ಎಲ್ಲರಿಗೂ ಕಾಣುತ್ತದೆ ಎಂಬುದನ್ನು ಎಷ್ಟು ಸಂಸ್ಥೆಗಳು ಯೋಚಿಸುತ್ತವೆ? 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಒಪ್ಪಿಗೆಯನ್ನು ಮುಖ್ಯವಾಗಿ ಕಾಣುತ್ತದೆ, ಮಕ್ಕಳ ವಿಷಯದಲ್ಲಿ ಪೋಷಕರ ಒಪ್ಪಿಗೆ ಕೇಳುತ್ತದೆ. ಫಲಾನುಭವಿಗಳ ಫೋಟೊ, ಆಧಾರ್ ಪ್ರತಿ, ಕಾಯಿಲೆಯ ವಿವರಗಳನ್ನು ಗುಂಪಿನಲ್ಲಿ ಹಾಕುವ ರೂಢಿ ಕಾನೂನು ಬರುವ ಮೊದಲೇ ನಿಲ್ಲಬೇಕಾಗಿತ್ತು.

ದುಡ್ಡು ಯಾವುದಕ್ಕೆ?

ಇಷ್ಟನ್ನೂ ಒಟ್ಟಿಗೆ ನೋಡಿದಾಗ ಕೆಲವು ಮಾತು ಖಚಿತವಾಗಿ ಹೇಳಬಹುದು. ಗುಂಪು ಸಣ್ಣದಿರಲಿ, ಕೆಲಸ ಸ್ಪಷ್ಟವಿರಲಿ. ಟೈಪ್ ಮಾಡಲಾರದವರಿಗೆ ದನಿ ಸಂದೇಶದ, ನೇರ ಭೇಟಿಯ ದಾರಿ ತೆರೆದಿರಲಿ. ಭಾಷೆ ಜನರದೇ ಆಗಿರಲಿ. ಕಲಬುರಗಿಯ ಸಂಘಕ್ಕೆ ಬೆಂಗಳೂರಿನಿಂದ ‘ಕಚೇರಿ ಕನ್ನಡ’ದಲ್ಲಿ ಸುತ್ತೋಲೆ ಕಳಿಸಿದರೆ ಮಾತು ಬೆಳೆಯುವುದಿಲ್ಲ. ಗುಂಪಿನ ನಿಯಮಗಳನ್ನು ಸದಸ್ಯರೇ ಕೂತು ಮಾಡಲಿ, ಕಿರುಕುಳ ಕೊಟ್ಟವರನ್ನು ಹೊರಹಾಕುವ ಅಧಿಕಾರ ಒಬ್ಬರಿಗಿಂತ ಹೆಚ್ಚು ಜನರಲ್ಲಿರಲಿ, ಅವರಲ್ಲಿ ಹೆಂಗಸರೂ ಇರಲಿ. ಬಂದ ಪ್ರತಿ ಪ್ರಶ್ನೆಗೂ ಇಷ್ಟು ದಿನದೊಳಗೆ ಉತ್ತರ ಎಂದು ಹೇಳಿ, ಅದರಂತೆ ನಡೆಯಲಿ. ಆಗದಿದ್ದರೆ ‘ಇದು ನಮ್ಮ ಕೈಯಲ್ಲಿ ಆಗುವುದಿಲ್ಲ, ಈ ಕಚೇರಿಗೆ ಹೋಗಿ’ ಎನ್ನುವುದೂ ಉತ್ತರವೇ.

ಇವೆಲ್ಲಕ್ಕೂ ಬೇಕಾದದ್ದು ಮನುಷ್ಯರು. ದಾನಿಗಳು ಆ್ಯಪ್ ಕಟ್ಟಲು ಹಣ ಕೊಡುತ್ತಾರೆ, ಏಕೆಂದರೆ ಆ್ಯಪಿಗೆ ಉದ್ಘಾಟನೆ ಇದೆ. ದಿನವೂ ಇಪ್ಪತ್ತು ದನಿ ಸಂದೇಶ ಕೇಳಿ, ಬರೆದಿಟ್ಟುಕೊಂಡು, ತಾಲ್ಲೂಕು ಕಚೇರಿಗೆ ಫೋನ್ ಮಾಡಿ, ಸಂಜೆ ಉತ್ತರ ಹಾಕುವ ಕಾರ್ಯಕರ್ತೆಯ ಸಂಬಳವನ್ನು ‘ಆಡಳಿತ ವೆಚ್ಚ’ ಎಂದು ಕತ್ತರಿಸುತ್ತಾರೆ. ಆಕೆ ಬಿಟ್ಟುಹೋದ ದಿನ ಗುಂಪು ಸಾಯುತ್ತದೆ. ಆ್ಯಪ್ ಮಾತ್ರ ಪ್ಲೇ ಸ್ಟೋರಿನಲ್ಲಿ ಉಳಿದಿರುತ್ತದೆ.

ಇನ್ನೊಂದು ಕಹಿ ಸತ್ಯವಿದೆ. ಜನ ಬಾಯಿಬಿಟ್ಟು ಮಾತಾಡಿದರೆ ಸಂಸ್ಥೆಯ ಬಗ್ಗೆಯೂ ಮಾತಾಡುತ್ತಾರೆ. ತರಬೇತಿ ಬೇಡವಾಗಿತ್ತು, ಕೊಟ್ಟ ಹೊಲಿಗೆ ಯಂತ್ರ ಕೆಟ್ಟಿದೆ, ನಿಮ್ಮ ಸಂಯೋಜಕರು ಒಂದೇ ಕೇರಿಗೆ ಹೋಗುತ್ತಾರೆ ಎನ್ನುತ್ತಾರೆ. ಪಂಚಾಯಿತಿಯ ಲೆಕ್ಕ ಕೇಳಲು ಜನರನ್ನು ಹುರಿದುಂಬಿಸುವ ಸಂಸ್ಥೆ ತನ್ನ ಲೆಕ್ಕವನ್ನು ಅದೇ ಊರಿನಲ್ಲಿ ಓದಲು ಸಿದ್ಧವಿರಬೇಕು. ರಾಜಸ್ಥಾನದ ಸಂಘಟನೆಗೆ ಜನರ ವಿಶ್ವಾಸ ಸಿಕ್ಕಿದ್ದರಲ್ಲಿ ಅವರು ಸ್ವತಃ ಸರಳವಾಗಿ ಬದುಕಿ, ತಮ್ಮ ಖರ್ಚುವೆಚ್ಚವನ್ನು ಜನರ ಮುಂದಿಟ್ಟ ಪಾಲು ದೊಡ್ಡದು.

ಓದುಗರಲ್ಲಿ ಹಲವರು ಯಾವುದಾದರೂ ಸಂಸ್ಥೆಗೆ ದೇಣಿಗೆ ಕೊಡುವವರು, ಸದಸ್ಯರು, ಇಲ್ಲವೇ ಗುಂಪಿನ ಅಡ್ಮಿನ್ ಆಗಿರುವವರು. ಮುಂದಿನ ವಾರ್ಷಿಕ ಸಭೆಯಲ್ಲಿ ಲೈಕುಗಳ ಲೆಕ್ಕ ಓದಿ ಮುಗಿಸಿದ ಮೇಲೆ ಎದ್ದು ನಿಂತು ಒಂದೇ ಪ್ರಶ್ನೆ ಕೇಳಿ: ಕಳೆದ ವರ್ಷ ಜನ ಹೇಳಿದ್ದರಿಂದ ನೀವು ಬದಲಿಸಿಕೊಂಡ ಒಂದು ನಿರ್ಧಾರ ಯಾವುದು? ಅದಕ್ಕೆ ಉತ್ತರ ಇರುವ ಸಂಸ್ಥೆಗೆ ಹಣವನ್ನೂ ಸಮಯವನ್ನೂ ಕೊಡಿ. ಉತ್ತರ ಇಲ್ಲದಿದ್ದರೆ, ಅದನ್ನು ಹುಡುಕಿಕೊಂಡು ಬರಲು ಅವರಿಗೆ ಒಂದು ವರ್ಷ ಕಾಲಾವಕಾಶ ಕೊಟ್ಟು, ಮುಂದಿನ ಸಭೆಯಲ್ಲಿ ಮತ್ತೆ ಕೇಳಿ.